ಭರತಿ ನೋಡಿ ಹೊರಡಿ: ಸಿಂಗಪುರದ ಸಮ್ಮೇಳನ, ಬಿಡುವಿನಲ್ಲಿ ಹಕ್ಕಿ

ಪ್ರಶ್ನೆ: ನಾನು ಶಿರಸಿಯಲ್ಲಿ ದಂತವೈದ್ಯೆ. ನವೆಂಬರ್ ಎರಡನೇ ವಾರ ಸಿಂಗಪುರದಲ್ಲಿ ಮೂರು ದಿನದ ಸಮ್ಮೇಳನಕ್ಕೆ ಹೋಗುತ್ತಿದ್ದೇನೆ. ಜಾಗ ಮರೀನಾ ಬೇ ಹತ್ತಿರ. ದಿನಾ ಬೆಳಿಗ್ಗೆ 9ರಿಂದ ಸಂಜೆ 5. ಎರಡನೇ ದಿನ ನನ್ನದೊಂದು ಪೋಸ್ಟರ್ ಇದೆ. ನಾಲ್ಕನೇ ದಿನ ಪೂರ್ತಿ ಬಿಡುವು, ರಾತ್ರಿ ವಿಮಾನ. ಮೂರು ವರ್ಷದಿಂದ ಮನೆಯ ತೋಟದಲ್ಲಿ, ಸೋಂದಾದ ಮುಂಡಿಗೆಕೆರೆಯಲ್ಲಿ ಹಕ್ಕಿ ನೋಡುತ್ತಿದ್ದೇನೆ. ಇದು ಮೊದಲ ವಿದೇಶ ಪ್ರಯಾಣ. ಜೊತೆಗೆ ಅಪ್ಪ ಬರುತ್ತಾರೆ. ಅವರಿಗೆ ಊರು ನೋಡುವ ಆಸೆ, ಹಕ್ಕಿ ಅಷ್ಟಕ್ಕಷ್ಟೆ. ಎಲ್ಲಿಗೆ ಹೋಗಲಿ? ಗೈಡ್ ಬೇಕಾ? ಯಾವ ಬೈನಾಕ್ಯುಲರ್ ಒಯ್ಯಲಿ? ಹಕ್ಕಿಗಾಗಿ ಸಮ್ಮೇಳನ ತಪ್ಪಿಸಿದರೆ ತಪ್ಪಾಗುತ್ತದಾ?

ಉತ್ತರ: ಡಾಕ್ಟ್ರೇ, ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ತಪ್ಪಿಸಬೇಡಿ. ತಪ್ಪಿಸುವ ಅಗತ್ಯವೇ ಬರುವುದಿಲ್ಲ. ಹಕ್ಕಿ ಚುರುಕಾಗಿರುವುದು ಬೆಳಕು ಹರಿದ ಮೊದಲ ಎರಡು ತಾಸು. ನವೆಂಬರಿನಲ್ಲಿ ಸಿಂಗಪುರದಲ್ಲಿ ಸೂರ್ಯ ಹುಟ್ಟುವುದು 6.45ರಿಂದ 7ರ ಒಳಗೆ. ನಿಮ್ಮ ಮೊದಲ ಭಾಷಣ 9ಕ್ಕೆ. ಲೆಕ್ಕ ಸರಿಹೋಯಿತಲ್ಲ? ಹತ್ತು ಗಂಟೆ ದಾಟಿದ ಮೇಲೆ ಅಲ್ಲಿನ ಸೆಕೆಗೆ ಹಕ್ಕಿಗಳೂ ಮರದೊಳಗೆ ಸೇರಿಕೊಳ್ಳುತ್ತವೆ. ಆ ಹೊತ್ತಿಗೆ ನೀವು ಏಸಿ ಹಾಲಿನಲ್ಲಿ ಕೂತು ಹಲ್ಲಿನ ಬೇರಿನ ಬಗ್ಗೆ ಕೇಳುತ್ತಿದ್ದರೆ ನಷ್ಟವೇನೂ ಇಲ್ಲ.

ತೊಡಕು ಇರುವುದು ನಿಮ್ಮ ಮೈಯೊಳಗಿನ ಗಡಿಯಾರದ್ದು. ಸಿಂಗಪುರ ನಮಗಿಂತ ಎರಡೂವರೆ ತಾಸು ಮುಂದೆ. ಅಲ್ಲಿ ಆರಕ್ಕೆ ಅಲಾರಂ ಹೊಡೆದಾಗ ಶಿರಸಿಯಲ್ಲಿ ಮೂರೂವರೆ. ಕೊಟ್ಟಿಗೆಯಲ್ಲಿ ದನವೂ ಎದ್ದಿರುವುದಿಲ್ಲ. ಹೊರಡುವ ವಾರ ಮೊದಲಿನಿಂದಲೇ ರಾತ್ರಿ ಒಂಬತ್ತಕ್ಕೆ ಮಲಗುವ ರೂಢಿ ಮಾಡಿಕೊಳ್ಳಿ. ಇಲ್ಲದಿದ್ದರೆ ಮೊದಲ ಬೆಳಿಗ್ಗೆ ಖಂಡಿತ ಕೈತಪ್ಪುತ್ತದೆ.

ನನ್ನ ಕಥೆ ಸ್ವಲ್ಪ ಹೇಳಬೇಕು. ನಾನು ಬಂದರಿನ ಕೆಲಸದಲ್ಲಿ ಎಂಜಿನಿಯರ್ ಆಗಿದ್ದವನು, ಈಗ ನಿವೃತ್ತನಾಗಿ ಕಾರವಾರದಲ್ಲಿದ್ದೇನೆ. ಹುಟ್ಟಿದ್ದು ಕುಮಟಾ ತಾಲೂಕಿನ ಅಘನಾಶಿನಿ ದಂಡೆಯಲ್ಲಿ. ನೌಕರಿಯಲ್ಲಿದ್ದಾಗ ಎರಡು ಸಲ ಸಿಂಗಪುರದ ಸಮ್ಮೇಳನಕ್ಕೆ ಹೋಗಿದ್ದೆ. ಮೊದಲ ಸಲ ಹಕ್ಕಿ ವಿಷಯದಲ್ಲಿ ನಾನು ಮಾಡಿಕೊಂಡ ಎಡವಟ್ಟು ನೀವು ಮಾಡಿಕೊಳ್ಳಬಾರದು ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಸಲ ಕೊನೆಯ ದಿನ ಅರ್ಧ ದಿನ ಬಿಡುವು ಸಿಕ್ಕಿತ್ತು. ಸುಂಗೈ ಬುಲೋಹ್ ಎಂಬ ಜಾಗದ ಬಗ್ಗೆ ಕೇಳಿದ್ದೆ. ಊರಿನ ವಾಯವ್ಯ ಮೂಲೆ, ಜೋಹೋರ್ ಜಲಸಂಧಿಯ ದಂಡೆ. ಆಚೆ ಮಲೇಷ್ಯಾ ಕಾಣುತ್ತದೆ. ವಲಸೆ ಬಂದ ಕಡಲ ದಂಡೆಯ ಹಕ್ಕಿಗಳಿಗೆ ಹೆಸರುವಾಸಿ. ಬೆಳಿಗ್ಗೆ ಎಂಟಕ್ಕೇ ಹೋಗಿ ಹಕ್ಕಿ ನೋಡುವ ಮರೆಯಲ್ಲಿ ಕೂತೆ. ಎದುರಿಗೆ ಕೊಳ. ಕೊಳದಲ್ಲಿ ಎರಡು ಬೆಳ್ಳಕ್ಕಿ, ದಂಡೆಯಲ್ಲಿ ಒಂದು ಉಡ. ಅಷ್ಟೇ. ಒಂಬತ್ತಾಯಿತು, ಹತ್ತಾಯಿತು. ಪಕ್ಕದಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡಿದ್ದ ವಯಸ್ಸಾದ ಹೆಂಗಸು ನನ್ನ ಮುಖ ನೋಡಿ ನಕ್ಕು ಹೇಳಿದರು, ಹಕ್ಕಿಗಳೆಲ್ಲ ಹೊರಗೆ ಕೆಸರಿನಲ್ಲಿವೆ, ಭರತಿ (ಕಡಲಿನ ಉಬ್ಬರ) ಮಧ್ಯಾಹ್ನ ಮೂರಕ್ಕೆ, ಆಗ ಬರುತ್ತವೆ ಎಂದು. ನನ್ನ ಗಾಡಿ ಒಂದಕ್ಕೆ.

ಭರತಿ-ಇಳಿತ ನೋಡಿಯೇ ಸಂಬಳ ಎಣಿಸಿದವನು ನಾನು. ಬಾಲ್ಯದಲ್ಲಿ ಗಜನಿಯ, ಅಂದರೆ ಅಳಿವೆ ದಂಡೆಯ ಉಪ್ಪುನೀರಿನ ಗದ್ದೆಯ, ಒಡ್ಡಿನ ಮೇಲೆ ಆಡಿದವನು. ಪರದೇಶಕ್ಕೆ ಹೋದ ಕೂಡಲೇ ಎಲ್ಲ ಮರೆತು, ಬೆಳಿಗ್ಗೆ ಹೋದರೆ ಹಕ್ಕಿ ಸಿಗುತ್ತದೆ ಎಂಬ ಕಾಡಿನವರ ಲೆಕ್ಕ ಹಿಡಿದು ಕೂತಿದ್ದೆ. ನಾಚಿಕೆಯಾಯಿತು.

ಆ ಜಾಗ ಹೇಗೆ ಕೆಲಸ ಮಾಡುತ್ತದೆ ಎಂಬುದು ಮೊದಲು ತಿಳಿಯಬೇಕು. ಅದು ಹಿಂದೆ ಸಿಗಡಿ ಸಾಕುತ್ತಿದ್ದ ಕೊಳಗಳ ಜಾಗ. ನಮ್ಮ ಅಘನಾಶಿನಿಯ ಗಜನಿಗಳನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಕಗ್ಗ ಭತ್ತ, ಆಮೇಲೆ ಒಡ್ಡಿನ ಗೇಟು ಎತ್ತಿ ಉಪ್ಪುನೀರು ಬಿಟ್ಟುಕೊಂಡು ಮೀನು, ಸಿಗಡಿ. ಅಲ್ಲಿ ಭತ್ತ ಇರಲಿಲ್ಲ, ಉಳಿದದ್ದು ಹೆಚ್ಚುಕಡಿಮೆ ಹೀಗೇ. 1986ರಲ್ಲಿ ಹಕ್ಕಿ ನೋಡುವ ಕೆಲವರ ಕಣ್ಣಿಗೆ ಆ ಕೊಳಗಳ ವಲಸೆ ಹಕ್ಕಿಗಳು ಬಿದ್ದವು. ಸರಕಾರಕ್ಕೆ ಬರೆದರು. 1993ರಲ್ಲಿ ಅದು ಪ್ರಕೃತಿ ಉದ್ಯಾನವಾಗಿ ತೆರೆಯಿತು, 2002ರಲ್ಲಿ ಕಾನೂನಿನ ರಕ್ಷಣೆ ಇರುವ ಮೀಸಲು ಪ್ರದೇಶವಾಯಿತು. ಸಿಗಡಿಗೆಂದು ಮಾಡಿದ ಗೇಟುಗಳ ಉಪಾಯವನ್ನೇ ಈಗ ಹಕ್ಕಿಗಾಗಿ ಬಳಸುತ್ತಾರೆ. ಹೊರಗೆ ಇಳಿತ ಇದ್ದಾಗ ಹಕ್ಕಿಗಳು ಕಡಲ ಕೆಸರಿನಲ್ಲಿ ಹುಳ, ಏಡಿ ಹೆಕ್ಕುತ್ತಿರುತ್ತವೆ. ಭರತಿ ಏರಿ ಕೆಸರು ಮುಳುಗಿತು ಎಂದರೆ ನಿಲ್ಲಲು ನೆಲವಿಲ್ಲ. ಒಳಗಿನ ಕೊಳದಲ್ಲಿ ಗೇಟಿನಿಂದ ನೀರು ತಡೆದು ಕೆಸರು ತೆರೆದಿಟ್ಟಿರುತ್ತಾರೆ. ಎಲ್ಲ ಅಲ್ಲಿಗೆ ಹಾರಿ ಬರುತ್ತವೆ. ನಿಮ್ಮ ಕಣ್ಣೆದುರಿಗೆ.

ಎರಡನೇ ಸಲ ಹೊರಡುವ ಮುಂಚೆಯೇ ಸಿಂಗಪುರದ ಭರತಿ ಪಟ್ಟಿ ತೆಗೆದು ನೋಡಿದ್ದೆ. ಭರತಿಗೆ ಎರಡು ತಾಸು ಮೊದಲೇ ಹೋಗಿ ಕೂತೆ. ಕೊಳ ಖಾಲಿ. ಸುಮಾರು ಮುಕ್ಕಾಲು ತಾಸು ಕಳೆದಿರಬೇಕು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಆಚೆಯಿಂದ ಸಿಳ್ಳೆ ಕೇಳಿತು. ಟಿಟಿಟಿಟಿಟಿಟಿ ಎಂದು ಒಂದೇ ಉಸಿರಿಗೆ ಆರೇಳು ಸಲ. ಅದು ವಿಂಬ್ರೆಲ್. ಕೋಳಿಯಷ್ಟು ದಪ್ಪ, ಬಿಲ್ಲಿನ ಹಾಗೆ ಕೆಳಗೆ ಬಾಗಿದ ಉದ್ದ ಕೊಕ್ಕು, ತಲೆಯ ಮೇಲೆ ಎರಡು ಕಂದು ಪಟ್ಟೆ. ಮೊದಲು ನಾಲ್ಕು ಬಂದವು. ಆಮೇಲೆ ಹದಿನೈದು. ಹಿಂದೆಯೇ ಕೆಂಪು ಕಾಲಿನ ರೆಡ್‌ಶ್ಯಾಂಕ್‌ಗಳು, ಬೆನ್ನ ಮೇಲೆ ಚಿನ್ನದ ಪುಡಿ ಉದುರಿಸಿದ ಹಾಗಿರುವ ಗೋಲ್ಡನ್ ಪ್ಲೋವರ್‌ಗಳು. ಒಂದು ಗುಂಪು ಇಳಿಯುವಾಗ ಕೊಳದ ಮೇಲೆ ನೆರಳು ಓಡಿತು. ಇಳಿದದ್ದೇ ಎಲ್ಲ ಗಾಳಿಗೆ ಎದುರಾಗಿ ಒಂದೇ ದಿಕ್ಕಿಗೆ ಮುಖ ಮಾಡಿ, ಒಂಟಿ ಕಾಲಲ್ಲಿ ನಿಂತು ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿಕೊಂಡವು. ಸದ್ದು ನಿಂತಿತು. ಇಷ್ಟಕ್ಕೇ ನಾನು ಎರಡನೇ ಸಲ ಸಿಂಗಪುರಕ್ಕೆ ಹೋದದ್ದು ಅಂದರೆ ಸುಳ್ಳಲ್ಲ. ಸಮ್ಮೇಳನ ನೆಪ ಮಾತ್ರ, ಆಫೀಸಿನವರಿಗೆ ಹೇಳಬೇಡಿ.

ಈ ಹಕ್ಕಿಗಳು ನಮ್ಮ ಕರಾವಳಿಗೂ ಬರುತ್ತವೆ. ಆದರೆ ದಾರಿ ಬೇರೆ. ನಮ್ಮಲ್ಲಿಗೆ ಬರುವವು ಮಧ್ಯ ಏಷ್ಯಾದ ಹಾದಿ ಹಿಡಿದು ಬರುತ್ತವೆ. ಸಿಂಗಪುರದವು ಪೂರ್ವ ಏಷ್ಯಾ-ಆಸ್ಟ್ರೇಲಿಯಾ ಹಾದಿಯವು. ಸೈಬೀರಿಯಾದಿಂದ ಹೊರಟು ಕೆಲವು ಅಲ್ಲೇ ಚಳಿಗಾಲ ಕಳೆಯುತ್ತವೆ, ಕೆಲವು ಇಳಿದು ತಿಂದು ಆಸ್ಟ್ರೇಲಿಯಾಕ್ಕೆ ಮುಂದೆ ಹಾರುತ್ತವೆ. ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಕಾಲ. ನೀವು ಹೋಗುವ ನವೆಂಬರ್ ಒಳ್ಳೆಯ ಹೊತ್ತೇ.

ಅಲ್ಲೇ ಇನ್ನೊಂದು ತಮಾಷೆ ಇದೆ. ಬಿಳಿ ಮೈಯ, ಹಳದಿ ಕೊಕ್ಕಿನ ದೊಡ್ಡ ಕೊಕ್ಕರೆ ಕಾಣಬಹುದು. ಮಿಲ್ಕಿ ಸ್ಟಾರ್ಕ್ ಎನ್ನುತ್ತಾರೆ, ಜಗತ್ತಿನಲ್ಲೇ ಅಳಿವಿನಂಚಿನ ಹಕ್ಕಿ. ಆದರೆ ಅದರ ರೆಕ್ಕೆಯಲ್ಲಿ ಸ್ವಲ್ಪ ಗುಲಾಬಿ ಛಾಯೆ ಇದ್ದರೆ, ಎದೆಯಲ್ಲಿ ಕಪ್ಪು ಗೆರೆ ಕಂಡರೆ ಅನುಮಾನಪಡಿ. ನಮ್ಮ ಬಣ್ಣದ ಕೊಕ್ಕರೆಗಳು, ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುತ್ತವಲ್ಲ ಅವೇ, ಅಲ್ಲಿನ ಮೃಗಾಲಯದಲ್ಲಿ ಬಿಡುಬೀಸಾಗಿ ಇದ್ದವು. ಅವು ಮಿಲ್ಕಿ ಸ್ಟಾರ್ಕ್‌ಗಳ ಜೊತೆ ಕೂಡಿ ಬೆರಕೆ ಮರಿಗಳಾಗಿವೆ. ಶುದ್ಧ ಯಾವುದು, ಬೆರಕೆ ಯಾವುದು ಎಂದು ಅಲ್ಲಿನವರೇ ತಲೆ ಕೆರೆದುಕೊಳ್ಳುತ್ತಾರೆ. ಬಣ್ಣದ ಕೊಕ್ಕರೆ ನೋಡಿದ ಕಣ್ಣು ನಿಮ್ಮದಾಗಿದ್ದರೆ ಈ ವಿಷಯದಲ್ಲಿ ನೀವೇ ಒಂದು ಕೈ ಮೇಲು.

ಮೊಸಳೆ ಇದೆ. ಉಪ್ಪುನೀರಿನದು. ದಾಂಡೇಲಿಯಲ್ಲಿ ಕಾಳಿ ಹೊಳೆಯ ಬಂಡೆ ಮೇಲೆ ಬಿದ್ದುಕೊಂಡಿರುವ ಮೊಸಳೆಯ ಜಾತಿ ಬೇರೆ, ಇದು ಅದಕ್ಕಿಂತ ಬಹಳ ದೊಡ್ಡದಾಗುತ್ತದೆ. ಹಲಗೆ ದಾರಿ, ಕಾಲುದಾರಿ ಬಿಟ್ಟು ಇಳಿಯಬೇಡಿ. ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆಯಲ್ಲಿ ಓಡಾಡಿದ್ದೀರಾದರೆ ಸುಂಗೈ ಬುಲೋಹ್ ದಾರಿ ನಿಮಗೆ ಹೊಸದೆನಿಸುವುದಿಲ್ಲ. ಅದೇ ಬೇರು, ಅದೇ ಕೆಸರಿನ ವಾಸನೆ, ಕಾಲ ಕೆಳಗೆ ಅದೇ ಏಡಿ.

ಹೋಗುವುದು ಸುಲಭ. ಮರೀನಾ ಬೇಯಿಂದ ಉತ್ತರ-ದಕ್ಷಿಣ ಮೆಟ್ರೋ ಹತ್ತಿದರೆ ಗಾಡಿ ಬದಲಿಸದೆ ಕ್ರಾಂಜಿ ನಿಲ್ದಾಣ. ಅಲ್ಲಿಂದ 925 ನಂಬರಿನ ಬಸ್ಸು, ಇಲ್ಲವೆ ಟ್ಯಾಕ್ಸಿ. ಎಲ್ಲ ಸೇರಿ ಒಂದೂವರೆ ತಾಸು ಹಿಡಿಯಿರಿ. ಬೆಳಿಗ್ಗೆ 7ರಿಂದ ಸಂಜೆ 7, ಒಳಗೆ ಹೋಗಲು ದುಡ್ಡಿಲ್ಲ. ತಿನ್ನಲು ಏನಾದರೂ ಇಟ್ಟುಕೊಂಡಿರಿ, ಒಳಗೆ ಸೇರಿದ ಮೇಲೆ ನಮ್ಮ ಹಾಗೆ ತಿರುವಿಗೊಂದು ಚಹಾ ಅಂಗಡಿ ಸಿಗುವುದಿಲ್ಲ.

ಹಾಗಾದರೆ ನಾಲ್ಕನೇ ದಿನ ಅಲ್ಲಿಗೇ ಹೋಗಬೇಕಾ? ಅದನ್ನು ನಾನಲ್ಲ, ಭರತಿ ಹೇಳಬೇಕು. ಭರತಿ ದಿನಕ್ಕೆ ಎರಡು ಸಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಇದು ಕಾರವಾರದಲ್ಲೂ ಅಷ್ಟೇ, ಅಲ್ಲೂ ಅಷ್ಟೇ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇದ್ದರೆ ನೀರು ಜಾಸ್ತಿ ಏರುತ್ತದೆ. ಸಿಂಗಪುರದ ಪಟ್ಟಿಯಲ್ಲಿ ದೊಡ್ಡ ಭರತಿ 3 ಮೀಟರ್ ದಾಟುವುದುಂಟು. ನಿಮ್ಮ ನಾಲ್ಕನೇ ದಿನದ ಭರತಿ ಬೆಳಿಗ್ಗೆ 9ರಿಂದ 12ರ ನಡುವೆ ಬಿದ್ದರೆ ಕಣ್ಣು ಮುಚ್ಚಿಕೊಂಡು ಸುಂಗೈ ಬುಲೋಹ್‌ಗೆ ಹೋಗಿ. ಬೆಳಿಗ್ಗೆ ಇಳಿತ ಇದ್ದರೆ ಪುಲಾವ್ ಉಬಿನ್ ದ್ವೀಪಕ್ಕೆ ಹೋಗಿ. ಎರಡನ್ನೂ ಒಂದೇ ದಿನ ಮಾಡುವ ಆಸೆ ಬೇಡ. ಒಂದು ವಾಯವ್ಯದಲ್ಲಿ, ಇನ್ನೊಂದು ಈಶಾನ್ಯದಲ್ಲಿ. ದಿನವೆಲ್ಲ ಮೆಟ್ರೋದಲ್ಲೇ ಕಳೆಯುತ್ತದೆ.

ಉಬಿನ್ ನಿಮ್ಮ ಅಪ್ಪಯ್ಯನವರಿಗೂ ಹಿಡಿಸುತ್ತದೆ. ಚಾಂಗಿ ಪಾಯಿಂಟ್ ಎಂಬಲ್ಲಿಂದ ಮರದ ಮೋಟಾರು ದೋಣಿ. ಹನ್ನೆರಡು ಜನ ಆದರೆ ಹೊರಡುತ್ತದೆ, ಆಗುವವರೆಗೆ ಕಾಯಬೇಕು. ನಮ್ಮ ತಾರಿ ದಾಟುವ ರೀತಿಯೇ. ಚಿಲ್ಲರೆ ನಗದು ಕೈಯಲ್ಲಿರಲಿ. ಹತ್ತು ಹದಿನೈದು ನಿಮಿಷದಲ್ಲಿ ಆಚೆ ದಡ. ಗಗನಚುಂಬಿ ಕಟ್ಟಡ ನೋಡಿ ಸುಸ್ತಾದವರಿಗೆ ಅಲ್ಲಿ ತಗಡಿನ ಮಾಡಿನ ಮನೆ, ತೆಂಗು, ಹಲಸು, ಅಂಗಳದಲ್ಲಿ ಕೋಳಿ. ಸೈಕಲ್ ಬಾಡಿಗೆಗೆ ಸಿಗುತ್ತದೆ, ವ್ಯಾನೂ ಇರುತ್ತದೆ. ಕಾಡುಹಂದಿ ಇವೆ. ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ತಿಂಡಿ ಎಂದು ಹಿಂದೆಯೇ ಬರುತ್ತವೆ. ತಿಂಡಿ ಬ್ಯಾಗಿನೊಳಗೆ ಇರಲಿ.

ದ್ವೀಪದ ಪೂರ್ವದ ತುದಿಯಲ್ಲಿ ಚೆಕ್ ಜಾವಾ ಇದೆ. ಇಳಿತದಲ್ಲಿ ಕಡಲ ಹುಲ್ಲು, ನಕ್ಷತ್ರಮೀನು ಎಲ್ಲ ಹಲಗೆ ದಾರಿಯಿಂದಲೇ ಕಾಣುತ್ತವೆ. ಅದನ್ನು ಮಣ್ಣು ತುಂಬಿಸಿ ಮುಚ್ಚಿಬಿಡುವವರಿದ್ದರು. ಜನ ಗಲಾಟೆ ಮಾಡಿದ ಮೇಲೆ 2001ರ ಡಿಸೆಂಬರಿನಲ್ಲಿ ಸರಕಾರ ಆ ಕೆಲಸ ಮುಂದೂಡಿತು. ಬಂದರಿನ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಮಣ್ಣು ತುಂಬುವ ನಕ್ಷೆ ಸಿದ್ಧವಾದ ಮೇಲೆ ನಿಲ್ಲುವುದು ಬಹಳ ಅಪರೂಪ.

ಉಬಿನ್‌ಗೆ ಹೋಗಲು ಇನ್ನೊಂದು ಕಾರಣ ಒಂದು ಪಿಕಳಾರ. ನಿಮ್ಮ ತೋಟದ ಕೆಮ್ಮೀಸೆ ಪಿಕಳಾರಕ್ಕಿಂತ ಬಹಳ ದೊಡ್ಡದು, ಒಣಹುಲ್ಲಿನ ಬಣ್ಣದ ತಲೆ. ಸ್ಟ್ರಾ-ಹೆಡೆಡ್ ಬುಲ್‌ಬುಲ್ ಎಂದು ಹೆಸರು. ಬಾಟಲಿಯಿಂದ ನೀರು ಗುಳುಗುಳು ಸುರಿದ ಹಾಗೆ ಹಾಡುತ್ತದೆ, ಎರಡು ಹಕ್ಕಿ ಜೊತೆಗೂಡಿ. ಆ ಹಾಡೇ ಅದಕ್ಕೆ ಮುಳುವಾಯಿತು. ಪಂಜರಕ್ಕಾಗಿ ಹಿಡಿದು ಹಿಡಿದು ಥಾಯ್ಲೆಂಡಿನಲ್ಲಿ, ಜಾವಾದಲ್ಲಿ ಪೂರ್ತಿ ಮುಗಿಯಿತು. ಈಗ ಕೆಲವು ನೂರು ಹಕ್ಕಿ ಸಿಂಗಪುರದಲ್ಲಿ ನೆಮ್ಮದಿಯಾಗಿವೆ. ಜಗತ್ತಿನಲ್ಲಿ ಅದನ್ನು ಕೇಳಲು ಅತಿ ಸುಲಭದ ಜಾಗ ಈ ದ್ವೀಪವೇ.

ಇಂಥದ್ದೇ ಕಥೆ ನಮ್ಮ ಮಡಿವಾಳ ಹಕ್ಕಿಯದು. ಮಾರ್ಚ್ ಬಂತೆಂದರೆ ಬೆಳಗಿನ ಜಾವ ನಿಮ್ಮ ಮಾಡಿನ ತುದಿಯಲ್ಲಿ ಕೂತು ಹಾಡುತ್ತದಲ್ಲ, ನಾವು ಕತ್ತೆತ್ತಿಯೂ ನೋಡುವುದಿಲ್ಲ. ಸಿಂಗಪುರದಲ್ಲಿ ಅದು ಪಂಜರದ ಆಸೆಗೆ ಹೆಚ್ಚುಕಡಿಮೆ ನಿರ್ನಾಮವಾಗಿ, ಆಮೇಲೆ ತಂದು ಬಿಟ್ಟು ಉಳಿಸಿಕೊಂಡ ಹಕ್ಕಿ. ಅಲ್ಲಿ ಯಾರಾದರೂ ಮಡಿವಾಳ ಕಂಡು ಸಂಭ್ರಮಪಟ್ಟರೆ ನಗಬೇಡಿ.

ಇನ್ನು ಸಮ್ಮೇಳನದ ಮೂರು ಬೆಳಿಗ್ಗೆ.

ಮೊದಲ ದಿನ ದೂರ ಹೋಗಬೇಡಿ. ಗಾರ್ಡನ್ಸ್ ಬೈ ದ ಬೇ ನಿಮಗೆ ನಡೆದೇ ಹೋಗುವ ದೂರ. ಹೊರಗಿನ ತೋಟ ಬೆಳಿಗ್ಗೆ 5ಕ್ಕೇ ತೆರೆದಿರುತ್ತದೆ, ಟಿಕೆಟ್ ಬೇಡ. ಎತ್ತರದ ಕಬ್ಬಿಣದ ಮರಗಳನ್ನು ನೋಡುತ್ತಾ ನಿಲ್ಲಬೇಡಿ, ಅದು ರಾತ್ರಿ ದೀಪ ಹಾಕಿದಾಗ ಅಪ್ಪನ ಜೊತೆ ನೋಡುವುದು. ನೀವು ಕೆರೆ ಕಡೆ ಹೋಗಿ. ಮೊದಲ ಅರ್ಧ ತಾಸು ನಿಮಗೆ ಗೊಂದಲ ಆಗುತ್ತದೆ. ಎಲ್ಲ ಗೊತ್ತಿರುವ ಹಕ್ಕಿ ಅನಿಸುತ್ತದೆ, ಆದರೆ ಯಾವುದೂ ಸರಿಯಾಗಿ ಕೂಡುವುದಿಲ್ಲ. ಯಾಕೆಂದರೆ ಅವೆಲ್ಲ ನಮ್ಮ ಹಕ್ಕಿಗಳ ದಾಯಾದಿಗಳು.

ಗೊರವಂಕ ಅಂದುಕೊಳ್ಳುತ್ತೀರಿ, ಮೈ ಕರಿಬೂದು, ಕಣ್ಣಿನ ಸುತ್ತ ಹಳದಿ ಚರ್ಮವಿಲ್ಲ. ಅದು ಜಾವಾದ ಗೊರವಂಕ. ಹೊರಗಿನಿಂದ ಬಂದು ಊರನ್ನೇ ಆಕ್ರಮಿಸಿದ್ದು. ಹೊನ್ನಕ್ಕಿ ಅಂದುಕೊಳ್ಳುತ್ತೀರಿ, ಕಣ್ಣಿನ ಕಪ್ಪು ಪಟ್ಟೆ ಹಿಂದಲೆಗೂ ಸುತ್ತಿರುತ್ತದೆ. ಅದು ಕಪ್ಪುಹಿಂದಲೆಯ ಹೊನ್ನಕ್ಕಿ. ಮಿಂಚುಳ್ಳಿಗೆ ಬಿಳಿ ಕೊರಳಪಟ್ಟಿ ಇದ್ದರೆ ಚೆನ್ನಾಗಿ ನೋಡಿಕೊಳ್ಳಿ, ನಮ್ಮ ಕರಾವಳಿಯಲ್ಲಿ ಅದು ಬಹಳ ಅಪರೂಪ, ಅಲ್ಲಿ ತಂತಿ ಮೇಲೆಲ್ಲ ಕೂತಿರುತ್ತದೆ. ಹಸಿರು ಪಾರಿವಾಳದ ಗಂಡಿಗೆ ಗುಲಾಬಿ ಕೊರಳು, ಕಿತ್ತಳೆ ಎದೆ. ರಸ್ತೆ ಬದಿಯ ಮರದಲ್ಲೇ ಗೂಡು. ತಲೆ ಎತ್ತಿದರೆ ಬಿಳಿ ಹೊಟ್ಟೆಯ ಕಡಲ ಹದ್ದು ತೇಲುತ್ತಿರಬಹುದು. ಅದು ಮಾತ್ರ ದಾಯಾದಿ ಅಲ್ಲ. ನೇತ್ರಾಣಿ ದ್ವೀಪದಲ್ಲಿ, ಕಾಳಿ ನದಿ ಕಡಲು ಸೇರುವಲ್ಲಿ ಕಾಣುವ ಅದೇ ಹಕ್ಕಿ. ಗರುಡವೂ ಅಷ್ಟೇ.

ಕಾಗೆಯೂ ನಮ್ಮದೇ. ನೂರು ವರ್ಷಕ್ಕೂ ಹಿಂದೆ ತೋಟದ ಕಂಬಳಿಹುಳು ತಿನ್ನಲಿ ಎಂದು ಸಿಲೋನಿನಿಂದ ಮಲಯಾಕ್ಕೆ ತಂದರು. ಅಲ್ಲಿಂದ ಸಿಂಗಪುರಕ್ಕೂ ಹಬ್ಬಿತು. ಕಾಗೆ ಹೆಚ್ಚಿದ ಮೇಲೆ ಅದರ ಗೂಡಿನಲ್ಲಿ ಮೊಟ್ಟೆ ಇಡುವ ಕೋಗಿಲೆಯೂ ಹೆಚ್ಚಿತು. ಈಗ ನಸುಕಿನಲ್ಲಿ ಕೋಗಿಲೆ ಕೂಗಿ ನಿದ್ದೆ ಕೆಡುತ್ತದೆ ಎಂದು ಅಲ್ಲಿನ ಜನ ದೂರು ಕೊಡುತ್ತಾರೆ. ಯುಗಾದಿ ಕವಿತೆ ಓದಿ ಬೆಳೆದ ನಮಗೆ ಇದು ಅರ್ಥವಾಗುವುದು ಕಷ್ಟ.

ಎರಡನೇ ದಿನ ಪೋಸ್ಟರ್ ಇದೆ ಅಂದಿರಿ. ಅವತ್ತು ಹೋಟೆಲಿನ ಕಿಟಕಿಯಿಂದ ಕಂಡಷ್ಟೇ ಸಾಕು. ಚೆನ್ನಾಗಿ ನಿದ್ದೆ ಮಾಡಿ. ಪೋಸ್ಟರ್ ಮುಂದೆ ನಿಂತಾಗ ಕೊರಳಿಗೆ ಬೈನಾಕ್ಯುಲರ್ ಬೇಡ. ಆದರೆ ಊಟದ ಹೊತ್ತಿನಲ್ಲಿ ಹಕ್ಕಿ ಮಾತು ತೆಗೆದು ನೋಡಿ. ಯಾವ ಸಮ್ಮೇಳನದಲ್ಲೂ ನಿಮ್ಮಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ನನಗೆ ಸಿಕ್ಕ ಒಬ್ಬ ಮಲೇಷ್ಯಾದ ಎಂಜಿನಿಯರ್ ಇವತ್ತಿಗೂ ಹೊಸ ವರ್ಷಕ್ಕೆ ಹಕ್ಕಿ ಫೋಟೋ ಕಳಿಸುತ್ತಾರೆ. ಅವರ ಭಾಷಣದ ವಿಷಯ ಏನಿತ್ತು ಎಂದು ಮಾತ್ರ ನೆನಪಿಲ್ಲ.

ಮೂರನೇ ಬೆಳಿಗ್ಗೆ ಬೊಟಾನಿಕ್ ಗಾರ್ಡನ್ಸ್. ಬೇಫ್ರಂಟ್ ನಿಲ್ದಾಣದಲ್ಲಿ ಡೌನ್‌ಟೌನ್ ಮಾರ್ಗದ ಗಾಡಿ ಹತ್ತಿದರೆ ನೇರ ತೋಟದ ಬಾಗಿಲಿಗೇ. 1859ರಲ್ಲಿ ಶುರುವಾದ ತೋಟ, 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಲಯಾದ ರಬ್ಬರ್ ತೋಟಗಳ ಹಿಂದೆ ಇದರ ಪ್ರಯೋಗಗಳೇ ಇವೆ. ಒಳಗೆ ಆರು ಹೆಕ್ಟೇರಿನಷ್ಟು ಹಳೆಯ ಮಳೆಕಾಡು ಹಾಗೇ ಉಳಿದಿದೆ, ತೋಟಕ್ಕಿಂತ ಹಳೆಯದು. ಆ ಕಾಡಿನ ಅಂಚಿನಲ್ಲಿ ಕೆಂಪು ಕಾಡುಕೋಳಿ ಕೆದಕುತ್ತಿರುತ್ತದೆ. ನಿಮ್ಮ ಬೆಟ್ಟದಲ್ಲಿರುವುದು ಬೂದು ಕಾಡುಕೋಳಿ. ಮನೆಕೋಳಿಯ ಮೂಲ ಈ ಕೆಂಪಿನದು. ಆದರೆ ಕೋಳಿಯ ಕಾಲಿನ ಹಳದಿ ಬಣ್ಣ ನಮ್ಮ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಸಂಶೋಧಕರು ತೋರಿಸಿದರು. ಕಾಲು ಬೂದು, ಕಿವಿಯ ಹತ್ತಿರ ಬಿಳಿ ಮಚ್ಚೆ ಇದ್ದರೆ ಕಾಡಿನದು. ಹಳದಿ ಕಾಲಾದರೆ ಊರಕೋಳಿ ಬೆರೆತಿದೆ ಎನ್ನಿ.

ಅಲ್ಲೇ ಮಂಗಟ್ಟೆಯೂ (ಹಾರ್ನ್‌ಬಿಲ್) ಸಿಗಬಹುದು. ಊರಿನ ನಡುವೆ, ಮನೆಗಳ ಬಾಲ್ಕನಿಯಲ್ಲಿ ಕೂಡ ಕೂರುತ್ತದೆ. ದಾಂಡೇಲಿಯ ಕಪ್ಪು-ಬಿಳಿ ಮಂಗಟ್ಟೆ ನೋಡಿದ್ದೀರಲ್ಲ, ಅದರ ಹತ್ತಿರದ ಸಂಬಂಧಿ. ಸ್ವಲ್ಪ ಸಣ್ಣದು. ನಮ್ಮದರ ಗಂಟಲಿನ ಬಳಿಯ ಬೋಳು ಚರ್ಮ ಗುಲಾಬಿ ಬಣ್ಣದ್ದು, ಅಲ್ಲಿನದು ನೀಲಿ ಕೂಡಿದ ಬಿಳಿ. ಈ ಮಂಗಟ್ಟೆ ಹತ್ತೊಂಬತ್ತನೇ ಶತಮಾನದಲ್ಲೇ ಸಿಂಗಪುರದಿಂದ ಕಾಣೆಯಾಗಿತ್ತು. 1994ರಲ್ಲಿ ಉಬಿನ್‌ನಲ್ಲಿ ಒಂದು ಜೋಡಿ ಕಂಡಿತು. ಗೂಡಿಗೆ ಪೊಟರೆ ಇರುವ ಹಳೆ ಮರ ಸಾಲದು ಎಂದು ಮರದ ಪೆಟ್ಟಿಗೆ ಮಾಡಿ ತೂಗುಹಾಕಿದರು. ಹೆಣ್ಣು ಪೆಟ್ಟಿಗೆಯೊಳಗೆ ಕೂತು ಬಾಗಿಲು ಮು­ಚ್ಚಿಕೊಂಡಿತು, ಗಂಡು ಸಂದಿಯಲ್ಲಿ ಹಣ್ಣು ಕೊಟ್ಟಿತು. ಕಾಡಿನ ಪೊಟರೆಯಲ್ಲಿ ಮಾಡುವ ಸಂಸಾರವನ್ನೇ ಪೆಟ್ಟಿಗೆಯಲ್ಲೂ ಮಾಡಿತು. 2011ರಲ್ಲಿ ದಾಂಡೇಲಿಯಲ್ಲಿ ಮಂಗಟ್ಟೆಗಾಗಿಯೇ ಸಂರಕ್ಷಣಾ ಮೀಸಲು ಆಯಿತಲ್ಲ, ನಮ್ಮಲ್ಲಿ ಇನ್ನೂ ದೊಡ್ಡ ಮರ ಉಳಿದಿವೆ. ಪೆಟ್ಟಿಗೆಯ ಗತಿ ಬಾರದಿರಲಿ.

ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಇದೆ. ಅಪ್ಪನನ್ನು ಅಲ್ಲಿ ಬಿಟ್ಟು ನೀವು ಹೊರಟುಬಿಡಬಹುದು. ಸಂಜೆ ಲಿಟಲ್ ಇಂಡಿಯಾದಲ್ಲಿ ಇಡ್ಲಿ, ಸಾಂಬಾರು, ಫಿಲ್ಟರ್ ಕಾಫಿ ಎಲ್ಲ ಸಿಗುತ್ತದೆ, ಊಟದ ಚಿಂತೆ ಬೇಡ. ಮಂಡಾಯಿಯ ಬರ್ಡ್ ಪ್ಯಾರಡೈಸ್‌ಗೆ ಹೋಗಲೇ ಎಂದು ಮನಸ್ಸಾಗಬಹುದು. ಜುರೊಂಗ್‌ನಲ್ಲಿದ್ದ ಹಳೆಯ ಪಕ್ಷಿಧಾಮ ಮುಚ್ಚಿ 2023ರಲ್ಲಿ ತೆರೆದದ್ದು ಅದು. ಚೆನ್ನಾಗಿದೆ, ಮಕ್ಕಳಿದ್ದರೆ ಹೋಗಬೇಕು. ಒಂದೇ ದಿನ ಇರುವಾಗ ನಾನಾದರೆ ಬಲೆಯೊಳಗಿನ ಹಕ್ಕಿಗೆ ಆ ದಿನ ಕೊಡುವುದಿಲ್ಲ.

ಗೈಡ್ ಬೇಡ. ಎಲ್ಲ ಕಡೆ ಬೋರ್ಡ್ ಇದೆ, ಬಸ್ಸಿದೆ, ಹೆಣ್ಣುಮಕ್ಕಳು ನಸುಕಿನಲ್ಲಿ ಒಬ್ಬರೇ ಓಡಾಡುವ ಊರು. ಜೊತೆ ಬೇಕೆನಿಸಿದರೆ ನೇಚರ್ ಸೊಸೈಟಿ ಸಿಂಗಪುರದವರು ಹಕ್ಕಿ ನಡಿಗೆ ಮಾಡುತ್ತಾರೆ, ನಿಮ್ಮ ದಿನಕ್ಕೆ ಕೂಡಿಬರುತ್ತದಾ ನೋಡಿ. ಮರ್ಲಿನ್ ಆ್ಯಪ್‌ನಲ್ಲಿ ಸಿಂಗಪುರದ ಪಟ್ಟಿಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ಅದರಲ್ಲಿ ಕೂಗು ಕೇಳಿ ಗುರುತಿಸಿಕೊಳ್ಳಿ. ಹಕ್ಕಿ ಕರೆಯಲು ಮಾತ್ರ ಫೋನಿನಿಂದ ಆ ಕೂಗು ಹೊರಡಿಸಬೇಡಿ.

ಬೈನಾಕ್ಯುಲರ್ 8x42 ಒಯ್ಯಿರಿ, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿಲಿಮೀಟರ್ ಅಗಲದ ಗಾಜಿನದು. 10x42 ಇದ್ದರೆ ದಂಡೆಯ ಹಕ್ಕಿಗೆ ಒಳ್ಳೆಯದೇ, ಆದರೆ ಕೈ ನಡುಗಿದರೆ ಚಿತ್ರವೂ ಜಾಸ್ತಿ ನಡುಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತು ಒಂದಿದೆ. ಹೋಟೆಲ್ ಕೋಣೆ ಫ್ರಿಜ್ಜಿನ ಹಾಗೆ ತಣ್ಣಗಿರುತ್ತದೆ. ಹೊರಗೆ ಬಂದ ಕೂಡಲೇ ಗಾಜಿನ ಮೇಲೆ ನೀರು ಕೂರುತ್ತದೆ, ಬೇಸಿಗೆಯಲ್ಲಿ ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ಲ ಹಾಗೆ. ಹತ್ತು ಹದಿನೈದು ನಿಮಿಷ ಏನೂ ಕಾಣುವುದಿಲ್ಲ. ಒರೆಸಿದರೆ ಮತ್ತೆ ಕೂರುತ್ತದೆ, ಗಾಜಿಗೂ ಗೀರು. ಅದಕ್ಕೇ ರಾತ್ರಿಯೇ ಬೈನಾಕ್ಯುಲರನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಬೆಳಿಗ್ಗೆ ಚೀಲದ ಸಮೇತ ಹೊರಗೆ ಒಯ್ಯಿರಿ. ಬಿಸಿಯಾಗುವವರೆಗೆ ಬಿಚ್ಚಬೇಡಿ. ನೀರೆಲ್ಲ ಚೀಲದ ಮೇಲೆ ಕೂರುತ್ತದೆ, ಗಾಜು ಒಣಗಿರುತ್ತದೆ. ವಿಮಾನದಲ್ಲಿ ಬೈನಾಕ್ಯುಲರ್ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ ಇರಬೇಕು, ಅದು ನಿಯಮ.

ನವೆಂಬರಿನಲ್ಲಿ ಮಧ್ಯಾಹ್ನ ಗುಡುಗಿನ ಮಳೆ ಸಾಮಾನ್ಯ. ಶಿರಸಿಯವರಿಗೆ ಮಳೆ ಬಗ್ಗೆ ಹೇಳುವುದೇನಿದೆ, ಕೊಡೆ ಹಿಡಿದುಕೊಳ್ಳಿ. ವೀಸಾ ಮೊದಲೇ ಮಾಡಿಸಬೇಕು, ತಲುಪುವ ಮೂರು ದಿನದೊಳಗೆ ಆಗಮನದ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಬೇಕು. ಯಾವ ಹಕ್ಕಿಗೂ ತಿಂಡಿ ಹಾಕಬೇಡಿ. ಅಲ್ಲಿ ಪಾರಿವಾಳಕ್ಕೆ ಕಾಳು ಹಾಕಿದರೂ ದಂಡ, ಮೊದಲ ತಪ್ಪಿಗೇ 5,000 ಡಾಲರ್‌ವರೆಗೆ. ಹಾಗೇ ಅಪ್ಪ ಕವಳ (ಎಲೆಅಡಿಕೆ) ಹಾಕುವವರಾದರೆ, ನಿಮ್ಮ ಕಡೆ ಹಾಕದವರು ಯಾರು, ತಂಬಾಕು ಮನೆಯಲ್ಲೇ ಬಿಟ್ಟು ಬರಲಿ. ಅಗಿಯುವ ತಂಬಾಕು ಆ ದೇಶಕ್ಕೆ ಒಯ್ಯುವಂತೆಯೇ ಇಲ್ಲ. ಉಗುಳಿದರೂ ದಂಡ. ಮಗಳು ದಂತವೈದ್ಯೆ ಹೇಳಿ ಕೇಳದಿದ್ದವರು ಸಿಂಗಪುರದ ಕಾನೂನಿಗಾದರೂ ಕೇಳಬಹುದು ನೋಡಿ.

ಕೊನೆಯದು ಹೊರಡುವ ಮುಂಚಿನ ಕೆಲಸ. ತೋಟದ ಹಕ್ಕಿ, ಕೆರೆ ಹಕ್ಕಿ ನಿಮಗೆ ಗೊತ್ತು. ಕಡಲ ದಂಡೆಯ ಕಂದು ಹಕ್ಕಿಗಳು ನಿಮಗೆ ಹೊಸತು, ಅವು ಪುಸ್ತಕದಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ಅಭ್ಯಾಸ ಇಲ್ಲೇ ಆಗಲಿ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಶಿರಸಿಯಿಂದ ಘಟ್ಟ ಇಳಿದರೆ ಸಿಕ್ಕಿತು. ಅಕ್ಟೋಬರಿನಲ್ಲಿ ಹುಣ್ಣಿಮೆಗೋ ಅಮಾವಾಸ್ಯೆಗೋ ಹತ್ತಿರದ ಒಂದು ಭಾನುವಾರ ಬನ್ನಿ. ಇಳಿತದಲ್ಲಿ ಹೆಂಗಸರು ಬಳಚು (ಕಪ್ಪೆಚಿಪ್ಪು) ಹೆಕ್ಕುವ ಹೊತ್ತಿಗೆ ಹಕ್ಕಿ ದೂರದಲ್ಲಿ ಚೆದುರಿರುತ್ತವೆ. ನೀರು ಏರಿದ ಹಾಗೆ ಗಜನಿಯ ಒಡ್ಡಿನ ಮೇಲೆ ಬಂದು ಸಾಲಾಗಿ ನಿಲ್ಲುತ್ತವೆ. ವಿಂಬ್ರೆಲ್ ಸಿಳ್ಳೆ ಒಮ್ಮೆ ಇಲ್ಲಿ ಕೇಳಿಸಿಕೊಂಡರೆ ಅಲ್ಲಿ ಕಾಂಡ್ಲಾದ ಆಚೆಯಿಂದ ಕೇಳಿದಾಗ ತಲೆ ತಾನಾಗಿ ತಿರುಗುತ್ತದೆ. ಮೊಣಕಾಲವರೆಗೆ ಕೆಸರಾಗುತ್ತದೆ, ಹಳೆಯ ಚಪ್ಪಲಿ ಹಾಕಿಕೊಂಡು ಬನ್ನಿ.